ಮುಧೋಳದ ದಾರಿಯಲ್ಲಿ ಕುದುರೆಗೆ ಕೌದಿ ಹೊದಿಸಿದ್ದು

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಜಮಖಂಡಿಯಿಂದ ಮುಧೋಳಕ್ಕೆ ಹೊರಟೆ. ತಂಗಿಯ ಮಗುವಿಗೆ ಹೆಸರಿಡುವ ಕಾರ್ಯ ಮಾರನೆಯ ದಿನವೇ ಇತ್ತು. ಸೋದರಮಾವನಿಲ್ಲದೆ ತೊಟ್ಟಿಲು ಹೇಗೆ ತೂಗುತ್ತಾರೆ ಎಂಬ ಗತ್ತು ಬೇರೆ ನನಗೆ. ಟಾಂಗಾದ ರಾಜೇಸಾಬ ಒಂದೂಕಾಲು ರೂಪಾಯಿ ಕೇಳಿದ. ಚೌಕಾಸಿ ಮಾಡಿ ಒಂದಕ್ಕೆ ಇಳಿಸಿ ಹತ್ತಿ ಕುಳಿತೆ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಚಳಿಗೆ ಹೊಸ ಶಾಲು.

ಕುದುರೆ ಎಂದರೆ ಕುದುರೆ ಅದು! ಹೆಸರು ಚಾಂದನಿ. ಬಿಳಿ ಮೈ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. "ಅಮಾಸಿ ಅಂತ ಯಾರೂ ಊರು ಬಿಟ್ಟು ಹೊಂಡಲಿಲ್ರಿ. ಎರಡು ದಿನ ಕಟ್ಟಿ ಹಾಕಿ ಹೊಟ್ಟಿ ತುಂಬ ಹುರಳಿ ತಿನಿಸೇನಿ. ಇವತ್ತು ನೋಡ್ರಿ ಇವಳ ಓಟ!" ಎಂದ ರಾಜೇಸಾಬ. "ಜೋರ್ ಬಿಡಪಾ, ಜೋರ್!" ಎಂದು ನಾನೂ ಹುರಿದುಂಬಿಸಿದೆ.

ನಾಲ್ಕು ಮೈಲಿ ಆಗಿರಲಿಲ್ಲ, ಒಂದು ಹಳ್ಳದ ಬಳಿ ಚಾಂದನಿ ಗಕ್ಕನೆ ನಿಂತಿತು. ಹಿಂಗಾಲುಗಳು ಕೊರಡಿನಂತೆ ಬಿಗಿದಿದ್ದವು. ಆ ಚಳಿಯಲ್ಲೂ ಮೈಯಿಂದ ಬೆವರು ಸುರಿಯುತ್ತಿತ್ತು. ರಾಜೇಸಾಬ ಗಾಡಿ ಕಳಚಿ, "ಹೊಟ್ಟಿ ಶೂಲಿ ಇದು. ನಾಕು ಸುತ್ತು ನಡಸಿದ್ರ ಹೋಗತೈತಿ" ಎಂದು ಲಗಾಮು ಹಿಡಿದು ಎಳೆಯತೊಡಗಿದ.

ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಓಡಿ ಬಂದಳು. ಯಲ್ಲವ್ವ ಅಂತ ಹೆಸರು; ಊರವರ ಬಟ್ಟೆಯನ್ನು ಕತ್ತೆಗಳ ಮೇಲೆ ಹೇರಿ ತಂದು ಒಗೆದು ಕೊಡುವವಳು. "ಏ ತಮ್ಮಾ, ಎಳಿಬ್ಯಾಡೋ! ನಡಸಿದ್ರ ಸಾಯತೈತಿ!"

"ಕತ್ತಿ ಕಾಯೂವಾಕಿ ನನಗ ಕುದರಿ ಬುದ್ಧಿ ಹೇಳ್ತಿಯೇನು? ನಮ್ಮಜ್ಜನ ಕಾಲದಿಂದ ಕುದರಿ ಕಟ್ಟಿದವರು ನಾವು!"

ಅಷ್ಟರಲ್ಲಿ ಕುದುರೆ ಉಚ್ಚೆ ಹೊಯ್ಯಿತು. ಹಾಲಿಲ್ಲದ ಚಹಾದ ಬಣ್ಣ! ರಾಜೇಸಾಬನ ಕೈಯಿಂದ ಲಗಾಮು ಜಾರಿತು.

ಯಲ್ಲವ್ವ ದನಿ ತಗ್ಗಿಸಿದಳು. "ನನ್ನ ಕತ್ತಿಗೂ ಹಿಂಗ ಆಗಿತ್ತಪಾ. ಹಬ್ಬದಾಗ ನಿಂದರಿಸಿ ಜ್ವಾಳ ತಿನಿಸಿದ್ದೆ, ಮರುದಿನ ಹೇರು ಹಾಕಿದೆ. ಕಾಲು ಬಿಗದ್ವು. ಶೂಲಿ ಅಂತ ನಾನೂ ನಡಸಿದೆ. ನಾಕನೇ ಹೆಜ್ಜಿಗೆ ಬಿದ್ದದ್ದು ಮತ್ತ ಏಳಲಿಲ್ಲ. ಇದು ಹೊಟ್ಟೀದಲ್ಲ, ತೊಡಿ ಖಂಡದ ಬ್ಯಾನಿ."

"ಹಂಗಾರ ಏನ್ ಮಾಡ್ಲಿ ಯವ್ವಾ? ಇವಳು ಹ್ವಾದ್ರ ನಾ ಇದ್ದೂ ಇಲ್ಲದಂಗ" ಎಂದು ರಾಜೇಸಾಬ ಅತ್ತೇಬಿಟ್ಟ.

ಆಮೇಲೆ ಯಲ್ಲವ್ವ ಮಾಡಿದ್ದು ನೋಡಿ ನಾನು ಬೆರಗಾದೆ. ಒಗೆದು ದಂಡೆಯ ಮೇಲೆ ಒಣಗಿಸಿದ್ದ, ಊರ ಸಿರಿವಂತರಾದ ದೊಡ್ಡ ವಾಡೆಯವರ ನಾಲ್ಕು ಕೌದಿಗಳನ್ನು ತಂದು ಆ ಬೆವರು ಮೈಗೆ ಹೊದಿಸಿದಳು!

"ಅವ್ವಾ, ವಾಡೇದವರು ಬೈಯೂದಿಲ್ಲೇನು?" ಎಂದೆ.

"ಬೈತಾರ್ರಿ. ಬೈದದ್ದೇನು ಮೈಗಿ ಅಂಟತೈತೇನ್ರಿ? ಮತ್ತ ಒಗದ್ರಾತು."

ಅವಳೆದುರು ಹೊಸ ಶಾಲು ಹೊದ್ದು ನಿಲ್ಲಲು ನಾಚಿಕೆಯಾಯಿತು. ಅದನ್ನೂ ತೆಗೆದು ಕೊಟ್ಟೆ. ಕಾಳು ಬಂದ್, ಹುಲ್ಲು, ನೀರು ಮಾತ್ರ, ನಿಂತಲ್ಲಿಂದ ಕದಲಿಸಕೂಡದು ಎಂದು ಅವಳು ತಾಕೀತು ಮಾಡಿದಳು. ಬದುಕುತ್ತದೆಯೇ ಎಂದು ಕೇಳಿದ್ದಕ್ಕೆ, "ಉಚ್ಚಿ ತಿಳಿ ಆದ್ರ ಬದಕತೈತಿ" ಎಂದಳು. ಉಳಿದ ಹತ್ತು ಮೈಲಿ ನಾನು ನಡೆದೇ ಮುಧೋಳ ಸೇರಿದೆ. ಅಂಗಾಲಲ್ಲಿ ಬೊಬ್ಬೆಗಳು ಎದ್ದಿದ್ದವು. ಮಾರನೆಯ ದಿನ ತೊಟ್ಟಿಲು ತೂಗಿದೆ, ಹೋಳಿಗೆ ತಿಂದೆ. ಮನಸ್ಸೆಲ್ಲ ಹಳ್ಳದ ದಂಡೆಯಲ್ಲೇ ಇತ್ತು.

ಮೂರನೆಯ ದಿನ ಎತ್ತಿನ ಬಂಡಿಯಲ್ಲಿ ಮರಳುವಾಗ, ಹೆದರಿಕೊಂಡೇ ಅತ್ತ ನೋಡಿದೆ. ಚಾಂದನಿ ಕತ್ತೆಗಳ ನಡುವೆ ಹುಲ್ಲು ಮೇಯುತ್ತಿತ್ತು. ನೋಡುತ್ತಿದ್ದಂತೆ ಒಂದು ಹಿಂಗಾಲು ಎತ್ತಿ ಮೆಲ್ಲಗೆ ಮುಂದಿಟ್ಟಿತು. ಬಂಡಿ ನಿಲ್ಲಿಸಿ ಇಳಿದೆ.

ರಾಜೇಸಾಬ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ರುಮಾಲು ಬಿಚ್ಚಿ ಸೊಂಟಕ್ಕೆ ಬಿಗಿದುಕೊಂಡು ಕೌದಿಗಳನ್ನು ಕಲ್ಲಿಗೆ ಒಗೆಯುತ್ತಿದ್ದ. ಅವನ ಜೊತೆಯ ಟಾಂಗಾದವರಿಬ್ಬರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬಿದ್ದು ಬಿದ್ದು ನಗುತ್ತಿದ್ದರು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

"ಹಂಗ ಬಡಿಬ್ಯಾಡೋ, ಹರೀತೈತಿ!" ಯಲ್ಲವ್ವ ದಂಡೆಯ ಮೇಲೆ ಕುಳಿತು ಗದರಿದಳು.

"ಆತು ಯವ್ವಾ," ಎಂದ ರಾಜೇಸಾಬ, "ಹೆಂಗ ಅಂತ ನೀನ ಹೇಳಿಕೊಡು."