ಅಳಿಯ ಹಾಕಿದ ಹೊಸ ವರ್ಷನ್

ಕೊಟ್ಟೂರಿನ ಬೀಜದ ವ್ಯಾಪಾರದ ಆಫೀಸೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಅಂಗಡಿಗಳು ಫೋನ್ ಲೈನಿನಲ್ಲಿ ಆ ಒಂದೇ ಕಂಪ್ಯೂಟರಿಗೆ ಜೋಡಿಸಿಕೊಂಡು ಟಪಾಲು ನೋಡುತ್ತಿದ್ದವು. ಯಜಮಾನರ ಅಳಿಯ ಹರಪನಹಳ್ಳಿಯವನು, ದಾವಣಗೆರೆಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿ ಬಂದು ನಮ್ಮ ಆಫೀಸಿನಲ್ಲೇ ಕೂರುತ್ತಿದ್ದ. ನನ್ನನ್ನು ಕಂಡರೆ ಅವನಿಗಾಗದು, ನನಗೂ ಅಷ್ಟೇ. ನಾನು ರಜೆಯಲ್ಲಿದ್ದಾಗ, ಕೇಳದೆ ಹೇಳದೆ, ಸರ್ವರಿಗೆ ಹೊಸ ವರ್ಷನ್ ಹಾಕಿಬಿಟ್ಟ.

ರಜೆ ಮುಗಿಸಿ ಬಂದರೆ ಸರ್ವರ್ ಪದೇ ಪದೇ ಬೀಳುತ್ತಿತ್ತು. ಎಬ್ಬಿಸಿದರೆ ಸ್ವಲ್ಪ ಹೊತ್ತು ನಡೆದು ಮತ್ತೆ ಮಲಗುತ್ತಿತ್ತು. ಬಿತ್ತನೆಯ ಹಂಗಾಮು ಬೇರೆ. ಅಂಗಡಿಯವರೆಲ್ಲ ಫೋನಿನಲ್ಲಿ ನನಗೇ ಬೈಯುತ್ತಿದ್ದರು.

“ನಾನು ಹಾಕಿದಾಗ ಚೆನ್ನಾಗೇ ಇತ್ತು ಮಾವ. ಇವರು ಬಂದ್ಮೇಲೆ ಕೆಟ್ಟಿರೋದು. ಬೇಕಂತಲೇ ಏನೋ ಮಾಡಿದಾರೆ,” ಎಂದು ಅಳಿಯ ನನ್ನೆದುರೇ ಹೇಳಿದ.

ಯಜಮಾನರು ನನ್ನ ಮುಖ ನೋಡಲಿಲ್ಲ. “ಯಾರು ಮಾಡ್ಯಾರೋ ನನಗ ಬ್ಯಾಡವ್ವ. ಸಂಜಿಯೊಳಗ ಸರಿ ಆಗಬೇಕು.”

ಹಳೆಯ ವರ್ಷನ್ನಿಗೆ ಮರಳೋಣವೆಂದರೆ ಅದನ್ನು ಅವನು ಅಳಿಸಿಹಾಕಿದ್ದ. ಹಲ್ಲು ಕಚ್ಚಿಕೊಂಡೆ. ನಾನು ಹೇಳುವವರೆಗೆ ಯಾರೂ ಮೇಲ್ ತೆರೆಯಬಾರದೆಂದು ಎಲ್ಲ ಅಂಗಡಿಗೂ ತಿಳಿಸಿ, ಒಬ್ಬೊಬ್ಬರಿಂದಲೇ ತೆರೆಸಿದೆ. ಹಡಗಲಿಯವರು ತೆರೆದರು, ಸರ್ವರ್ ಬೀಳಲಿಲ್ಲ. ಹರಪನಹಳ್ಳಿ ಆಯಿತು. “ಬಂತ್ ನೋಡ್ರಿ ಮೇಡಂ,” ಎಂದರು ಹಗರಿಬೊಮ್ಮನಹಳ್ಳಿಯವರು. ಆಫೀಸಿನವರದೂ ಮುಗಿದು ಅಳಿಯನದೊಂದೇ ಉಳಿಯಿತು.

“ನಿಮ್ಮದು ತಗೀರಿ,” ಎಂದೆ.

“ನಂದ್ಯಾಕೆ?”

“ತಗಿಯಪ್ಪ, ನೋಡೂಣು,” ಎಂದರು ಯಜಮಾನರು.

ಅವನು ತೆರೆದ. ಸರ್ವರ್ ಬಿತ್ತು. ನನಗೆ ಅಷ್ಟೇ ಸಾಕಿತ್ತು, ಆದರೂ ಮತ್ತೆ ಚಾಲೂ ಮಾಡಿ, “ಇನ್ನೊಮ್ಮೆ ತಗೀರಿ,” ಎಂದೆ. ಮತ್ತೆ ಬಿತ್ತು. ಅವನ ಕಿವಿ ಕೆಂಪಾದವು.

ಫೋನ್ ಲೈನ್ ಕಡಿದಾಗ ಅರ್ಧಕ್ಕೇ ನಿಂತ ಒಂದು ಇ-ಮೇಲ್ ಅವನ ಟಪಾಲು ಪೆಟ್ಟಿಗೆಯಲ್ಲಿತ್ತು. ಹಳೆಯ ವರ್ಷನ್ ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಹೊಸದು ಓದಲು ಹೋಗಿ ಕುಸಿಯುತ್ತಿತ್ತು. ಅದೊಂದನ್ನು ತೆಗೆದುಹಾಕಿದ ಮೇಲೆ ಸರ್ವರ್ ಬೀಳಲಿಲ್ಲ. ನನಗೆ ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ.

ಮರುದಿನ ಹೋದರೆ ಸರ್ವರಿನ ಪಾಸ್‌ವರ್ಡ್ ಬದಲಾಗಿತ್ತು. ಯಜಮಾನರನ್ನು ಕೇಳಿದೆ.

“ಮನಿ ಅಳಿಯ ಅದಾನವ್ವ. ನೀನಾ ಸಂಬಾಳಿಸ್ಕೊಂಡು ಹೋಗು.”

“ಹಂಗಾರ ಇನ್ನೊಮ್ಮಿ ಬಿದ್ದರ ನನ್ನ ಕರೀಬ್ಯಾಡ್ರಿ,” ಎಂದು ಹೇಳಿ, ಬಿಲ್ ಟೈಪ್ ಮಾಡುವ ಮೇಜಿಗೆ ಹೋಗಿ ಕುಳಿತೆ. ಆ ಆಫೀಸು ಬಿಡುವವರೆಗೂ ಅಲ್ಲೇ ಇದ್ದೆ. ಪಕ್ಕದ ಕುರ್ಚಿಯಲ್ಲಿದ್ದರೂ ಅವನು ನನಗೇನಾದರೂ ಹೇಳಬೇಕಾದರೆ ಬೇರೆಯವರ ಬಾಯಲ್ಲೇ ಹೇಳಿಸುತ್ತಿದ್ದ. ನಾನೂ ಹಾಗೆಯೇ ಉತ್ತರ ಕಳಿಸುತ್ತಿದ್ದೆ.