ಮುಳ್ಳು ನೋಡಲು ಬಂದ ಹೊಲಿಗೆ ಟೀಚರ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಯಲ್ಲಾಪುರದಲ್ಲಿ ಬಾಡಿಗೆಗಿದ್ದೆ. ಊರಾಚೆಯ ಬೆಟ್ಟದಲ್ಲಿ ನೀರು ಹರಿಸಲು ದೊಡ್ಡ ಸುರಂಗವೊಂದನ್ನು ಕೊರೆಯುವ ಯೋಜನೆಯಿತ್ತು. ಅದಕ್ಕೆ ಮೊದಲು ಸಣ್ಣದೊಂದು ಪರೀಕ್ಷಾ ಸುರಂಗ ತೋಡಿದ್ದರು. ಅದರೊಳಗೆ ಬಂಡೆಯ ಒತ್ತಡ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ದೊಡ್ಡ ಸುರಂಗ ಕುಸಿಯದಂತೆ ಎಂಥ ಆಧಾರ ಕೊಡಬೇಕು ಎನ್ನುವುದು ಆ ಅಳತೆಯ ಮೇಲೆ ನಿಂತಿತ್ತು.

ಮನೆಯೊಡತಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ನನ್ನ ಕೆಸರು ಬೂಟು ನೋಡಿ ಒಂದು ದಿನ ಕೇಳಿದರು: "ತಂಗೀ, ಎಂತ ಕೆಲಸ ಅಲ್ಲಿ ನಿಂದು?"

"ಒಳಗ ಕಲ್ಲಿಗೆ ಎಷ್ಟು ಒತ್ತಡ ಐತಿ ಅಂತ ನೋಡ್ತೀನ್ರಿ ಅಕ್ಕಾರ."

"ಓಹೋ, ಕಲ್ಲಿಗೂ ಬೀಪಿ ಇದ್ದು ಹೇಳಾತು!"

ಒಂದು ಭಾನುವಾರ ನನ್ನ ಸಹಾಯಕ ತನ್ನ ತಂಗಿಯ ಮದುವೆಗೆಂದು ಸಿದ್ದಾಪುರಕ್ಕೆ ಹೋಗಿಬಿಟ್ಟ. ಪರೀಕ್ಷೆ ಅರ್ಧಕ್ಕೆ ನಿಂತಿತ್ತು. "ಆನು ಬತ್ತೆ. ಸೂಜಿಗೆ ದಾರ ಪೋಣಿಸೋ ಕಣ್ಣು ಇದು" ಎಂದು ಮನೆಯೊಡತಿ ಹೊರಟೇಬಿಟ್ಟರು. ಸೈಟಿನ ಮೇಲಧಿಕಾರಿ ಒಪ್ಪಿದರು. ಆ ದಿನ ಬ್ಲಾಸ್ಟಿಂಗ್ ಇರಲಿಲ್ಲ. ಸುರಂಗದ ಬಾಯಲ್ಲಿದ್ದ ಮೇಸ್ತ್ರಿ ಮಾತ್ರ, "ಸುರಂಗದಾಗ ಹೆಣ್ಮಕ್ಕಳು ಒಬ್ರಿದ್ರಿ, ಈಗ ಇಬ್ರಾದ್ರಲ್ರಿ!" ಎಂದು ಗೊಣಗಿಕೊಂಡೇ ಹೆಲ್ಮೆಟ್ ಕೊಟ್ಟ. ತುರುಬು ಬಿಚ್ಚಿ ಜಡೆ ಹಾಕಿಕೊಂಡ ಮೇಲೆಯೇ ಅದು ಅವರ ತಲೆಗೆ ಕೂತದ್ದು.

ಗೋಡೆಯಲ್ಲಿ ಎರಡು ಮೊಳೆ ನೆಟ್ಟು, ಅವುಗಳ ನಡುವೆ ಹಿಂದಿನ ದಿನವೇ ಸೀಳು ಕೊರೆದಿದ್ದೆವು. ಸೀಳು ಬಿದ್ದೊಡನೆ ಬಂಡೆ ಸಡಿಲಗೊಂಡು ಮೊಳೆಗಳು ಹತ್ತಿರ ಸರಿದಿದ್ದವು. ಈಗ ಸೀಳಿನೊಳಗೆ ಚಪ್ಪಟೆ ಉಕ್ಕಿನ ಚೀಲವಿಟ್ಟು, ಅದಕ್ಕೆ ಎಣ್ಣೆ ಪಂಪು ಮಾಡಿ, ಮೊಳೆಗಳನ್ನು ಮೊದಲಿನ ಜಾಗಕ್ಕೆ ತಳ್ಳಬೇಕು. ಅದಕ್ಕೆ ಬೇಕಾದ ಒತ್ತಡದಿಂದಲೇ ಬಂಡೆಯ ಒತ್ತಡ ತಿಳಿಯುತ್ತದೆ. ನಾನು ಪಂಪು ಒತ್ತಿದೆ. ಅವರು ಬಕೆಟ್ಟು ಮಗುಚಿ ಕೂತು, ಮೊಳೆಗಳ ಅಂತರ ತೋರಿಸುವ ಡಯಲ್ ನೋಡಿದರು. ಅದರ ಮುಳ್ಳು ಸೊನ್ನೆಗೆ ಬಂದರೆ ಮೊಳೆಗಳು ಮೊದಲಿನ ಜಾಗಕ್ಕೆ ಬಂದಂತೆ.

"ಬಂತು... ಸೊನ್ನೆಗೆ ಬಂತು!"

ನಾನು ನೋಟ್‌ಬುಕ್ ತೆಗೆದೆ.

"ತಡಿ, ಬರೆಯಡ. ಮುಳ್ಳು ವಾಪಸ್ ಹೋಗ್ತಾ ಇದ್ದು."

"ಇಲ್ರಿ ಅಕ್ಕಾರ, ನಿಂತೈತಿ."

"ನಿಂತಿದ್ದಿಲ್ಲೆ. ಬ್ಯಾಟರಿ ಹಿಡಿದು ನೋಡು."

ಬೆಳಕು ಹಿಡಿದು ನೋಡಿದೆ. ನಿಜ, ಕೂದಲೆಳೆಯಷ್ಟು ಸರಿದಿತ್ತು. ಎಣ್ಣೆ ಸೋರುತ್ತಿದೆಯೇ ಎಂದು ಪೈಪಿನ ಜೋಡಣೆಗಳನ್ನೆಲ್ಲ ಮುಟ್ಟಿ ನೋಡಿದೆ, ಒಣಗಿದ್ದವು. ಬಂಡೆಯೇ ಇನ್ನೂ ನಿಧಾನವಾಗಿ ಸರಿಯುತ್ತಿತ್ತು. ಮತ್ತೆ ಪಂಪು, ಮತ್ತೆ ಕಾಯುವುದು. ಮುಳ್ಳು ಅಲ್ಲಾಡದೆ ನಿಂತಾಗ ನನ್ನ ರಟ್ಟೆ ಬಿದ್ದುಹೋಗಿತ್ತು. ಒತ್ತಡವೋ, ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚು.

ಸೋಮವಾರ ಮೇಲಧಿಕಾರಿ ಹುಬ್ಬೇರಿಸಿದರು. "ಇಷ್ಟೊಂದು ಬರಲಿಕ್ಕೆ ಸಾಧ್ಯವೇ ಇಲ್ಲ. ಡಯಲ್ ಓದಿದ್ದು ಯಾರು?"

"ನೀವೇ ಒಪ್ಪಿದ್ರಲ್ಲ ಸರ್, ನಮ್ಮ ಮನೆ ಓನರ್, ಹೊಲಿಗೆ ಟೀಚರ್. ಮುಳ್ಳು ವಾಪಸ್ ಸರಿಯೋದನ್ನ ಕಂಡು ನನ್ನ ತಡೆದದ್ದೂ ಅವರೇ."

ಮೇಲಧಿಕಾರಿ ಜೋರಾಗಿ ನಕ್ಕರು. ಆದರೆ ಅದೇ ವಾರ ಇನ್ನೊಂದು ಕಡೆ ಸೀಳು ಕೊರೆಸಿ ತಾವೇ ಕೂತು ಅಳೆದರು. ಹೆಚ್ಚುಕಡಿಮೆ ಅಷ್ಟೇ ಬಂತು. "ಅವರು ತಡೆಯದಿದ್ರೆ ನೀನು ಕಡಿಮೆ ಬರ್ಕೊಂಡು ಬರ್ತಿದ್ದೆ" ಎಂದರು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ದೊಡ್ಡ ಸುರಂಗದ ಹೊಸ ನಕ್ಷೆಯಲ್ಲಿ ಗೋಡೆಗೆ ಹೊಡೆಯುವ ಉಕ್ಕಿನ ಸರಳುಗಳು ಉದ್ದವಾದವು, ಒತ್ತೊತ್ತಾಗಿ ಬಂದವು.

ಸುದ್ದಿ ಕೇಳಿ ಮನೆಯೊಡತಿ ಹಿಗ್ಗಿಹೋದರು. ಮುಂದಿನ ಭಾನುವಾರ ಕ್ಲಾಸಿನ ಹುಡುಗಿಯರನ್ನೆಲ್ಲ ಕಟ್ಟಿಕೊಂಡು ಸುರಂಗ ತೋರಿಸಲು ಬಂದರು. ಹೆಲ್ಮೆಟ್ ಸಾಲದೆ, ಅಂದು ಗೊಣಗಿದ್ದ ಮೇಸ್ತ್ರಿ ಅವರನ್ನು ಎರಡು ತಂಡ ಮಾಡಿ, ಒಂದೊಂದೇ ತಂಡವನ್ನು ತಾನೇ ಮುಂದೆ ನಿಂತು ಒಳಗೆ ಕರೆದುಕೊಂಡು ಹೋದ.