ನೀರಣ್ಣ ಅಳಿಸಿದ ಬಿಳಿ

ನಮ್ಮ ಮುದ್ರಣದಂಗಡಿಯಲ್ಲಿ ಅವನಿಗೆ ನೀರಣ್ಣ ಎಂದು ಹೆಸರಿಟ್ಟವಳು ನಾನೇ. ಪಕ್ಕದ ಮೇಜಿನಲ್ಲಿ ಕೂತು ಅಕ್ಷರ ಜೋಡಿಸುವ ಕೆಲಸ ನನ್ನದು, ಚಿತ್ರ ಬರೆಯುವುದು ಅವನದು. ಕ್ಯಾಲೆಂಡರಿಗೆ ಕೊಳ, ಬಾಟಲಿ ನೀರಿನ ಲೇಬಲ್ಲಿಗೆ ಹೊಳೆ, ಏನೇ ಬರಲಿ, ಕಂಪ್ಯೂಟರಿನಲ್ಲಿ ಚುಕ್ಕಿಗೆ ಚುಕ್ಕಿ ಸೇರಿಸಿ ಅವನು ಮಾಡಿದ ನೀರು ನೋಡಿದರೆ ಕೈ ಅದ್ದೋಣ ಅನ್ನಿಸುತ್ತಿತ್ತು. ಜೊತೆಗೆ ಅವನ ಉಪದೇಶವನ್ನೂ ಕೇಳಬೇಕಿತ್ತು, ಅದೊಂದು ತಲೆನೋವು.

"ಮನೆ ಚಿತ್ರ ಕಾಪಿ ಮಾಡು, ತಲೆಕೆಳಗು ಮಾಡಿ ಅಂಟಿಸು, ಸ್ವಲ್ಪ ಮಸುಕು ಮಾಡು. ಮುಗೀತಲ್ಲ," ಎಂದು ಯಜಮಾನರು ಅವಸರಿಸುತ್ತಿದ್ದರು.

"ಅದು ಮಡಚಿದ ಕಾಗದ ಸಾರ್, ನೀರಲ್ಲ," ಎನ್ನುತ್ತಿದ್ದ ನೀರಣ್ಣ. "ನಾವು ಮನೇನ ಎದುರಿಂದ ನೋಡ್ತೀವಿ. ನೀರು ಕೆಳಗಿಂದ ನೋಡುತ್ತೆ. ನಮಗೆ ಛಾವಣಿ ಕಂಡ್ರೆ ಅದಕ್ಕೆ ಛಾವಣಿಯ ಅಡಿ ಕಾಣುತ್ತೆ."

ಹಾಗೆಂದು ಅಡಿಯ ಭಾಗವನ್ನೆಲ್ಲ ಹೊಸದಾಗಿ ಬರೆದು, ಅದನ್ನು ಅಡ್ಡಡ್ಡ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದನ್ನೂ ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಿದ್ದ. ಆಚೆ ದಡದ ಹತ್ತಿರ ಸಣ್ಣ ಪಟ್ಟಿ, ನಮ್ಮ ಕಡೆಗೆ ಬಂದಂತೆ ಅಗಲ. ಕಪ್ಪನ್ನು ತುಸು ತಿಳಿ ಮಾಡಬೇಕು, ಬಿಳಿಯನ್ನು ತುಸು ಕಂದಿಸಬೇಕು. ಎಲ್ಲ ಮುಗಿದ ಮೇಲೆ ಬಿಸಿಲಿನ ಮಿಂಚಿಗೆ ನಾಲ್ಕಾರು ಅಚ್ಚ ಬಿಳಿ ಚೂರು. "ನೀರಿನ ಮೇಲೆ ಅಚ್ಚ ಬಿಳಿ ಕಂಡ್ರೆ ಅದು ಬಿಸಿಲೇ. ಬೇರೇನೂ ಆಗಿರಲ್ಲ," ಎಂಬುದು ಅವನ ಖಡಾಖಂಡಿತ ಮಾತು. ನಾನು ಮೂಗು ಮುರಿದು ನನ್ನ ಅಕ್ಷರಗಳಿಗೆ ಮರಳುತ್ತಿದ್ದೆ.

ಅವನ ಹೆಂಡತಿಗೆ ಮದುವೆಯಾದ ಮೇಲೆ ತೊನ್ನು ಬಂದಿತ್ತು, ತುಟಿಯ ಅಂಚಿನಲ್ಲಿ ಒಂದು ಬಿಳಿ ಮಚ್ಚೆ. ಅವನಿಗೆ ಅದರಿಂದ ಎಳ್ಳಷ್ಟೂ ಬೇಸರವಿರಲಿಲ್ಲ. ಅವಳಿಗಿತ್ತು. ಯಾರಾದರೂ ಫೋಟೊ ಎಂದರೆ ಸಾಕು, ಮುಖಕ್ಕೆ ಕೈ ಅಡ್ಡ ಹಿಡಿಯುವಳು. ಸುಡು ಬೇಸಿಗೆಯಲ್ಲೂ ಕುತ್ತಿಗೆಗೆ ಕೆಂಪು ಶಾಲು ಬಿಗಿಯಾಗಿ ಸುತ್ತಿಕೊಂಡಿರುತ್ತಿದ್ದಳು. "ನಮ್ಮನೆಯವಳಿಗೆ ವರ್ಷವಿಡೀ ಚಳಿಗಾಲ," ಎಂದು ಅವನು ಗೇಲಿ ಮಾಡುತ್ತಿದ್ದ. ಅವಳು ನಕ್ಕುಬಿಡುತ್ತಿದ್ದಳು.

ಒಮ್ಮೆ ಅವನಿಗೆ ನೀರಿನಲ್ಲಿ ಕೆಂಪು ಹೇಗೆ ಒಡೆಯುತ್ತದೆ ಎಂದು ನೋಡಬೇಕಿತ್ತಂತೆ. ಉದ್ಯಾನದ ಕೊಳಕ್ಕೆ ಅವಳನ್ನು ಕರೆದುಕೊಂಡು ಹೋಗಿ, ಆಚೆ ದಡದಲ್ಲಿ ಬಗ್ಗಿ ನಿಲ್ಲಲು ಹೇಳಿದ. ಅದನ್ನು ಅವಳೇ ನನಗೆ ನಗುತ್ತಾ ಹೇಳಿದ್ದಳು.

"ನನ್ನ ಫೋಟೊ ತೆಗೀತೀರಾ ಅಂತ ಕೇಳ್ದೆ. 'ನೀನು ಬೇಡ, ನೀರಲ್ಲಿ ಬಿದ್ದಿರೋ ನೀನು ಸಾಕು' ಅಂದ್ರು. ಹಾಗಾದ್ರೆ ಪೂರ್ತಿ ಬಿದ್ದೇಬಿಡ್ಲಾ ಅಂದೆ."

ಮುಖ ಬರುವುದಿಲ್ಲ ಎಂಬ ಧೈರ್ಯಕ್ಕೇ ಅವಳು ನಿಂತದ್ದು. ಅವನು ಮಾತು ಉಳಿಸಿಕೊಂಡ. ಎಲ್ಲ ಫೋಟೊಗಳಲ್ಲೂ ನೀರು ಮಾತ್ರ, ನೀರಿನಲ್ಲಿ ಚೂರುಚೂರಾದ ಅವಳು.

ಆಮೇಲೆ ಜ್ವರ ಎಂದು ಮಲಗಿದವಳು ಮೇಲೇಳಲಿಲ್ಲ. ಮಗಳಿನ್ನೂ ಹಾಲುಹಲ್ಲಿನ ಕೂಸು. ಶಾಲೆ ಬಿಟ್ಟೊಡನೆ ಅಂಗಡಿಗೇ ಬಂದು ಅಪ್ಪನ ಪಕ್ಕ ಕೂರುವುದು ರೂಢಿಯಾಯಿತು.

ಕಳೆದ ವರ್ಷ ಒಂದು ಸಂಜೆ ಆ ಹುಡುಗಿ ಪೆನ್ಸಿಲು ಕೆಳಗಿಟ್ಟು, "ಅಪ್ಪಾ, ಅಮ್ಮನ ಮುಖ ನೆನಪಿಗೆ ಬರ್ತಿಲ್ಲ," ಎಂದಳು. ಅಳದೆ ಹೇಳಿದಳು.

ಅವನು ಮದುವೆಯ ಫೋಟೊ ತೋರಿಸಿದ. "ಇದು ಅಮ್ಮ ಅಲ್ಲ, ಯಾರೋ ಮದುಮಗಳು," ಎಂದಳು. ಗುರುತಿನ ಚೀಟಿ ತೋರಿಸಿದ. ಆ ಚೀಟಿಗಳಲ್ಲಿ ನಾವೆಲ್ಲರೂ ಕಳ್ಳರಂತೆಯೇ ಕಾಣುವುದು, ಅದಕ್ಕೂ ಅಲ್ಲವೆಂದು ತಲೆಯಾಡಿಸಿದಳು. ಆ ಎರಡು ಫೋಟೊಗಳೂ ಮಚ್ಚೆ ಬರುವ ಮುಂಚಿನವು. ಮಗು ಕಂಡ ತಾಯಿ ಅವುಗಳಲ್ಲಿ ಇರಲಿಲ್ಲ.

ಮರುದಿನದಿಂದ ನೀರಣ್ಣ ಕೊಳದ ಫೋಟೊ ತೆರೆದು ಕೂತ. ಅದನ್ನು ತಿರುಗಿಸಿ ನೇರ ಮಾಡಿ, ಅದರ ಮೇಲೆ ಗೆರೆ ಎಳೆಯತೊಡಗಿದ. ಇಷ್ಟು ವರ್ಷ ಪ್ರತಿಬಿಂಬಗಳನ್ನು ಪಟ್ಟಿಯಾಗಿ ಕತ್ತರಿಸಿ ಸರಿಸಿದವನು ಈಗ ಅಲೆ ಕತ್ತರಿಸಿದ್ದ ಪಟ್ಟಿಗಳನ್ನು ಒಂದೊಂದಾಗಿ ಹಿಂದಕ್ಕೆ ತಂದು ಜೋಡಿಸಬೇಕಿತ್ತು. ಕಣ್ಣೊಂದು ಎಲ್ಲೋ, ಹುಬ್ಬು ಇನ್ನೆಲ್ಲೋ. ಯಜಮಾನರು ಕೂಡ ಅವನನ್ನು ಏನೂ ಕೇಳಲಿಲ್ಲ. ಕೊನೆಗೆ ಬಿಸಿಲಿನ ಬಿಳಿ ಚೂರುಗಳನ್ನು ಆರಿಸಿ ಆರಿಸಿ ಅಳಿಸಿದ, ನಾನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ಮುಗಿದ ಚಿತ್ರವನ್ನು ನನಗೆ ತೋರಿಸಿದ. ಬರೀ ಗದ್ದ, ಮೂಗಿನ ಹೊಳ್ಳೆ, ಮೇಲೆಲ್ಲೋ ಕಿರಿದಾದ ಕಣ್ಣು. ತುಟಿಯ ಮಚ್ಚೆಯನ್ನು ಅವನು ಮರೆಯದೆ ಬರೆದಿದ್ದ. ಆದರೂ ಯಾರೋ ಅಪರಿಚಿತೆ ನಮ್ಮ ಮೇಲೆ ಬಗ್ಗಿದಂತಿತ್ತು.

"ಅವಳ ಥರ ಇಲ್ಲ, ಅಲ್ವಾ?" ಎಂದ.

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಇಲ್ಲ ಕಣೋ," ಎಂದುಬಿಟ್ಟೆ. ಅವನು ಕೈ ಚೆಲ್ಲಿ ಕೂತ.

ಆಗಲೇ ಮಗಳು ಚೀಲ ತೂಗಾಡಿಸುತ್ತಾ ಬಂದಳು. ಅವನು ಚಿತ್ರವನ್ನು ಮುಚ್ಚುವ ಮುಂಚೆ ಅವಳು ನೋಡಿಯಾಗಿತ್ತು.

"ಅಮ್ಮ," ಎಂದಳು. ಪರದೆಯ ಹತ್ತಿರ ಬಂದು ನಿಂತಳು. ಅವಳ ಇಡೀ ಮುಖ ಅರಳಿತು, ಆಮೇಲೆ ಹುಬ್ಬು ಗಂಟಾಯಿತು. "ಬಿಳಿ ಯಾಕೆ ಅಳಿಸ್ದೆ?"

"ಇದೆಯಲ್ಲ ಪುಟ್ಟಿ, ತುಟಿ ಪಕ್ಕ."

"ಅದಲ್ಲ. ಗದ್ದದ ಕೆಳಗಿಂದು."

"ಅಲ್ಲಿ ಬಿಸಿಲು ಬಿದ್ದಿತ್ತು, ಅದನ್ನ ತೆಗೆದೆ. ಅಲ್ಲೇನೂ ಇರ್ಲಿಲ್ಲ."

"ಇತ್ತು."

ಅವನು ಕೊಳದ ಬೇರೆ ಫೋಟೊಗಳನ್ನೂ ಸಾಲಾಗಿ ತೆರೆದ. ಬಿಸಿಲಿನ ಚೂರುಗಳು ಒಂದರಲ್ಲಿ ಹಣೆಯ ಮೇಲಿದ್ದರೆ ಇನ್ನೊಂದರಲ್ಲಿ ಶಾಲಿನ ಮೇಲೆ. ಬಗ್ಗಿದಾಗ ಸಡಿಲವಾದ ಆ ಶಾಲಿನ ಅಂಚಿನಲ್ಲಿ, ಗದ್ದದ ಕೆಳಗೆ, ಹೆಬ್ಬೆರಳಿನಗಲದ ಒಂದು ಬಿಳಿ ಮಾತ್ರ ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಇತ್ತು. ಬಿಸಿಲು ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ ಎಂದು ನನಗೆ ಕಲಿಸಿದವನೇ ಅವನು.

"ನಿಂಗೆ ಹೇಗೆ ಗೊತ್ತು?" ಎಂದು ಮಗಳ ಕಡೆ ತಿರುಗಿ ಕೇಳಿದ.

"ತೊಡೆ ಮೇಲೆ ಮಲ್ಗಿದ್ರೆ ಕಾಣ್ತಿತ್ತು. ನಾನು ಬೆರಳು ಇಟ್ರೆ ಅಮ್ಮಂಗೆ ಕಚಗುಳಿ ಆಗ್ತಿತ್ತು. ಅಪ್ಪಂಗೆ ಹೇಳ್ಬೇಡ, ಅವ್ರಿಗೆ ತುಟಿದೊಂದೇ ಗೊತ್ತು, ಅಷ್ಟೇ ಸಾಕು ಅಂದಿದ್ಲು."

ನೀರಣ್ಣ ಫೋಟೊದಲ್ಲಿನ ಕೆಂಪು ಶಾಲನ್ನು ದೊಡ್ಡದು ಮಾಡಿ ನೋಡಿದ. ವರ್ಷವಿಡೀ ಚಳಿಗಾಲ ಎಂದು ಅದೇ ಶಾಲನ್ನು ಗೇಲಿ ಮಾಡಿದ್ದವನು ಅವನು. ನನಗೆ ಅವನ ಮೇಲೆ ಸಿಟ್ಟೂ ಬಂತು, ಅವನ ಹೆಂಡತಿಯ ಮೇಲೂ ಬಂತು. ಯಾರೂ ಬಚ್ಚಿಡು ಎನ್ನದಿದ್ದುದನ್ನು ಬಚ್ಚಿಡುತ್ತಾ ಅವಳು ಅಷ್ಟು ಬೇಸಿಗೆಗಳನ್ನು ಕಳೆದಳಲ್ಲ ಎಂದು ನೆನೆದು ನಾನು ಎದ್ದು ಹೊರಗೆ ಹೋದೆ. ಮರಳಿ ಬಂದಾಗ ಮಗಳು ಪರದೆಯ ಮೇಲೆ ಬೆರಳಿಟ್ಟು ಜಾಗ ತೋರಿಸುತ್ತಿದ್ದಳು, ಅವನು ಆ ಬಿಳಿಯನ್ನು ಬರೆಯುತ್ತಿದ್ದ.

ಚಿತ್ರವನ್ನು ನಮ್ಮಲ್ಲೇ ಅಚ್ಚು ಹಾಕಿದೆವು. ಅದನ್ನು ತನ್ನ ಮಂಚದ ಮೇಲಿನ ಗೋಡೆಗೇ ಹಾಕಬೇಕು ಎಂದು ಮಗಳು ಹಟ ಹಿಡಿದಳಂತೆ. ಒಂದು ರಜೆಯ ದಿನ ನಾನು ಅವರ ಮನೆಗೆ ಹೋದೆ. ಹುಡುಗಿ ಹೊರಗೆ ಆಡುತ್ತಿದ್ದಳು. ಒಳಗೆ ನೀರಣ್ಣ ಮಂಚದ ಪಕ್ಕ ಬರಿ ನೆಲದ ಮೇಲೆ ಅಂಗಾತ ಮಲಗಿ ಗೋಡೆ ನೋಡುತ್ತಿದ್ದ. ಹುಷಾರಿಲ್ಲವೇನೋ ಎಂದು ಗಾಬರಿಯಾಯಿತು.

"ನಿಂತು ನೋಡಿದ್ರೆ ಯಾರೋ ಅನ್ಸುತ್ತೆ," ಎಂದ. "ಇಲ್ಲಿಂದ ಅವಳೇ."

ನಾನು ಬಾಗಿಲಲ್ಲೇ ನಿಂತೆ. ಅವನು ನನ್ನ ಕಡೆ ತಿರುಗಲಿಲ್ಲ.

"ಒಂದಿನಾನೂ ನಾನು ಅವಳ ತೊಡೆ ಮೇಲೆ ತಲೆ ಇಟ್ಟು ಮಲಗ್ಲಿಲ್ಲ," ಎಂದ.